ಕಿಟಕಿ ಪಕ್ಕದ ಹಿರಿತನ

ಅತ್ತೆಗೆ ಕಿವಿ ಕೇಳುವುದಿಲ್ಲ ಎಂದು ಮೈಕ್ ಮಾಮ ಮದುವೆಯಾದ ಹೊಸದರಲ್ಲೇ ತೀರ್ಮಾನಿಸಿಬಿಟ್ಟಿದ್ದರು. ತೀರ್ಮಾನಕ್ಕೆ ಆಧಾರವೂ ಇತ್ತು. ಅವರು ಏನೇ ಹೇಳಲಿ, ಅತ್ತೆ ಹೆಣಿಗೆಯ ಕಡ್ಡಿಗಳ ಮೇಲಿಂದ ಒಮ್ಮೆ ಕಣ್ಣೆತ್ತಿ ನೋಡಿ, ಮತ್ತೆ ಉಲ್ಲನ್ನಿನ ಉಂಡೆಗೆ ಮರಳುತ್ತಿದ್ದರು. ತಮ್ಮಂಥವರ ಮಾತು ಕಿವಿಗೆ ಬಿದ್ದ ಮೇಲೂ ಒಬ್ಬರು ಸುಮ್ಮನಿರುವುದು ಸಾಧ್ಯವೇ? ಸಾಧ್ಯವೇ ಇಲ್ಲ. ಆದ್ದರಿಂದ ಕಿವುಡು.

ಮೈಕ್ ಮಾಮ ಊರಿಗೆಲ್ಲ ಮೈಕು, ಸ್ಪೀಕರು ಬಾಡಿಗೆಗೆ ಕೊಡುವವರು. ಹಾಗೆ ನೋಡಿದರೆ ಅವರ ಸ್ವಂತ ಗಂಟಲಿಗೆ ಈ ಉಪಕರಣಗಳ ಹಂಗೇ ಇರಲಿಲ್ಲ. (ಎದುರಂಗಡಿಯ ಗಡಿಯಾರ ರಿಪೇರಿಯವನು ಕಿವಿಗೆ ಹತ್ತಿ ತುರುಕಿಕೊಂಡೇ ಬಾಗಿಲು ತೆಗೆಯುತ್ತಿದ್ದ.) ಅತ್ತೆಯ ಮೇಲಿನ ಅಂತಃಕರಣದಿಂದ ಅವರ ಕುರ್ಚಿಯ ಹಿಂದೆ ಒಂದು ಪುಟ್ಟ ಸ್ಪೀಕರನ್ನೂ ಪ್ರತಿಷ್ಠಾಪಿಸಿದರು. "ಅತ್ತೇ, ಕಾಫಿ ಆಯ್ತಾ?" ಎಂದು ಕೇಳಿದರೆ ಪಕ್ಕದ ಮನೆಯವರು "ಆಯ್ತು" ಎನ್ನುತ್ತಿದ್ದರು. ಅತ್ತೆ ಮಾತ್ರ ಹೆಣೆಯುತ್ತಲೇ ಇದ್ದರು.

ಒಂದು ದಿನ ಅಡುಗೆಮನೆಯಲ್ಲಿ ಹೆಂಡತಿಯ ಕಿವಿಯಲ್ಲಿ ಮೆಲ್ಲಗೆ, "ಆ ಕೆಟ್ಟ ಹಸಿರು ಸ್ವೆಟರನ್ನ ನಿಮ್ಮಮ್ಮ ಯಾವ ಕತ್ತೆಗೆ ಹೆಣೀತಿದ್ದಾರೆ ಕಣೇ?" ಎಂದರು.

ಎರಡು ಬಾಗಿಲಿನಾಚೆಯ ಹಜಾರದಿಂದ ಉತ್ತರ ಬಂತು: "ನಿಮಗೇ ಅಳಿಯಂದಿರೇ."

ಸ್ಪೀಕರು ಅಂದೇ ಅಂಗಡಿಗೆ ವಾಪಸಾಯಿತು. ಸ್ವೆಟರನ್ನು ಮಾತ್ರ ಮೈಕ್ ಮಾಮ ಇಂದಿಗೂ ಚಳಿ ಇರಲಿ ಬಿಡಲಿ ತೊಡುತ್ತಾರೆ.

ಇಷ್ಟಾದರೂ ಅವರ ಆತ್ಮವಿಶ್ವಾಸಕ್ಕೆ ಕುಂದು ಬರಲಿಲ್ಲ. ಅದಕ್ಕೆ ಬುನಾದಿ ಬೇರೆಯೇ ಇತ್ತು: ಅವರು ಹೆಂಡತಿಗಿಂತ ಒಂದು ವರ್ಷಕ್ಕೆ ದೊಡ್ಡವರು. ಸಂಸಾರದ ಯಾವ ವ್ಯಾಜ್ಯವನ್ನೂ ಅವರು ಇದೊಂದೇ ಕಲಮಿನಡಿ ಇತ್ಯರ್ಥ ಮಾಡುತ್ತಿದ್ದರು. "ನಿನಗಿಂತ ಒಂದು ವರ್ಷ ಹೆಚ್ಚು ಲೋಕ ಕಂಡೋನು ನಾನು" ಎಂದರೆ ಮುಗಿಯಿತು. ಮೊದಲ ಲೋಟ ಕಾಫಿ ಹಿರಿಯರಿಗೆ. ಟೀವಿಯ ರಿಮೋಟು ಹಿರಿಯರ ದಿಂಬಿನ ಕೆಳಗೆ. ಬಸ್ಸಿರಲಿ, ರೈಲಿರಲಿ, ಕಿಟಕಿ ಪಕ್ಕದ ಸೀಟು ಹಿರಿಯರದು. ಇಷ್ಟು ವರ್ಷದ ದಾಂಪತ್ಯದಲ್ಲಿ ಹೆಂಡತಿ ಪ್ರಯಾಣದ ದಾರಿಯನ್ನೆಲ್ಲ ಗಂಡನ ಕಿವಿಯ ಪಕ್ಕದಿಂದಲೇ ನೋಡಿದ್ದಳು.

ಆಕೆಗೆ ಇದ್ದದ್ದು ಒಂದೇ ದೊಡ್ಡ ಆಸೆ: ಹಿಮ ಬೀಳುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು. ಕೊನೆಗೂ ಅವಳ ಹೊಲಿಗೆ ಸಂಘದವರು ಹಿಮದ ದೇಶವೊಂದಕ್ಕೆ ಪ್ರವಾಸ ಗೊತ್ತು ಮಾಡಿದರು. ಅವಳ ಪಾಸ್‌ಪೋರ್ಟು ಬಂತು. ಅತ್ತೆ ಮಗಳಿಗೊಂದು ಕೆಂಪು ಮಫ್ಲರ್ ಶುರು ಮಾಡಿದರು. ಮೈಕ್ ಮಾಮನ ಅರ್ಜಿ ಮಾತ್ರ ಹಿಂದಕ್ಕೆ ಬಂತು. ಶಾಲೆಯ ಸರ್ಟಿಫಿಕೇಟು ನಡೆಯುವುದಿಲ್ಲ. ಜನನ ಪ್ರಮಾಣಪತ್ರದ ದೃಢೀಕೃತ ಪ್ರತಿಯೇ ಬೇಕು, ಅದೂ ಈ ವಾರದೊಳಗೆ.

"ಅದೇನು ಮಹಾ! ಹೋಗಿ ನಿಂತರೆ ಸಾಕು, ಎದ್ದು ಬಂದು ಕೊಡ್ತಾರೆ" ಎಂದು ಮೈಕ್ ಮಾಮ ಸ್ವೆಟರು ತೊಟ್ಟು ಹೊರಟರು.

ಊರಾಡಳಿತದ ಕಚೇರಿಯಲ್ಲಿ ಜನನ-ಮರಣ ವಿಭಾಗ ಮೆಟ್ಟಿಲ ಕೆಳಗಿತ್ತು. ಗಾಜಿನ ಗೋಡೆ, ಗಾಜಿನಲ್ಲಿ ಅರ್ಧಚಂದ್ರಾಕಾರದ ಒಂದು ಕಂಡಿ. ಆ ಕಂಡಿಯನ್ನು ಕೊರೆದ ಪುಣ್ಯಾತ್ಮ ಅದನ್ನು ಹೊಟ್ಟೆಯ ಮಟ್ಟಕ್ಕೆ ಕೊರೆದಿದ್ದ. ಎಂಥ ದೊಡ್ಡ ಮನುಷ್ಯನಾದರೂ ತಾನು ಹುಟ್ಟಿದ್ದೇನೆಂದು ಹೇಳಲು ಅಲ್ಲಿ ಸೊಂಟ ಬಗ್ಗಿಸಲೇಬೇಕು. ಮೈಕ್ ಮಾಮ ಬಗ್ಗಲಿಲ್ಲ. ನೆಟ್ಟಗೆ ನಿಂತು ಗಾಜಿಗೇ ಭಾಷಣ ಮಾಡಿದರು. ಗಾಜು ಅದುರಿತು. ಒಳಗಿದ್ದ ಗುಮಾಸ್ತೆ ಟೀ ಲೋಟಕ್ಕೆ ಕೈ ಅಡ್ಡ ಹಿಡಿದು ಕೇಳಿಸಿಕೊಂಡಳು. ಹಳೆಯ ನೋಂದಣಿ ಪುಸ್ತಕ ಇಳಿಸಿ, ದೂಳು ಹೊಡೆದು, ಮೊದಲಿನಿಂದ ಕೊನೆಯವರೆಗೆ ಬೆರಳಾಡಿಸಿದಳು.

"ನಿಮ್ಮ ತಾಯಿಗೆ ಆ ವರ್ಷ ಮಗು ಹುಟ್ಟಿಲ್ಲ ಸರ್."

"ಹುಟ್ಟಿಲ್ವಾ? ಹಾಗಾದ್ರೆ ಇಲ್ಲಿ ನಿಂತಿರೋದು ಯಾರು?"

"ಅದನ್ನ ತಿಳ್ಕೊಳ್ಳೋಕೇ ಅಲ್ವಾ ಸರ್ ಪ್ರಮಾಣಪತ್ರ ಕೇಳೋದು."

"ಸರಿಯಾಗಿ ನೋಡಮ್ಮಾ! ಊರಿಗೇ ಗೊತ್ತಿರೋ ಮನುಷ್ಯ ನಾನು."

"ಊರಿಗೆ ಗೊತ್ತಿರಬಹುದು. ಪುಸ್ತಕಕ್ಕೆ ಗೊತ್ತಿಲ್ಲ. ಬೇಕಾದ್ರೆ ದಾಖಲೆ ಇಲ್ಲ ಅಂತ ಬರೆದುಕೊಡ್ತೀನಿ. ಅದನ್ನ ತಗೊಂಡು ಕೋರ್ಟಿಗೆ ಹೋಗಿ ಆದೇಶ ತಂದ್ರೆ ಹೊಸದಾಗಿ ಸೇರಿಸ್ತೀವಿ. ತಿಂಗಳುಗಟ್ಟಲೆ ಹಿಡಿಯುತ್ತೆ."

"ಅಂದ್ರೆ, ನಾನು ಹುಟ್ಟೇ ಇಲ್ಲ ಅಂತ ಸೀಲು ಹಾಕಿ ಕೊಡ್ತೀರಾ?"

"ಸೀಲೂ ಹಾಕ್ತೀವಿ, ಸಹಿನೂ ಹಾಕ್ತೀವಿ" ಎಂದು ಆಕೆ ಸಮಾಧಾನ ಹೇಳಿದಳು.

ಮನೆಗೆ ಬಂದು ಮೈಕ್ ಮಾಮ ಆಡಳಿತ ಯಂತ್ರದ ಅಧಃಪತನವನ್ನು ಕುರಿತು ಉಪನ್ಯಾಸ ಮಾಡಿದರು. ಹೆಂಡತಿ ಮೊದಮೊದಲು ನಕ್ಕಳು. "ಹಾಗಾದ್ರೆ ಹುಟ್ಟದೇ ಇರೋರ ಬಟ್ಟೆ ಒಗೆದೂ ಒಗೆದೂ ನನ್ನ ಕೈ ಸವೆದಿದ್ದಾ?" ಎಂದಳು. ಕೋರ್ಟಿನ ವಿಷಯ ತಿಳಿದ ಮೇಲೆ ನಗು ನಿಂತಿತು. ಕನ್ನಡಿಯ ಮುಂದೆ ತೊಟ್ಟು ನೋಡುತ್ತಿದ್ದ ಹೊಸ ಕೋಟನ್ನು ಬಿಚ್ಚಿ, ಮಡಿಸಿ, ಬೀರುವಿನ ಮೇಲ್ಗಡೆಯ ಗೂಡಿಗೆ ಸೇರಿಸಿದಳು.

"ನೀನು ಸಂಘದವರ ಜೊತೆ ಹೋಗಿ ಬಾರೇ" ಎಂದರು ಮೈಕ್ ಮಾಮ. (ಆ ಗಂಟಲಿನಿಂದ ಅಷ್ಟು ಸೋತ ದನಿ ಮನೆಯವರು ಅದಕ್ಕೂ ಮುಂಚೆ ಕೇಳಿರಲಿಲ್ಲ.)

"ನಾನೊಬ್ಬಳೇ ಹೋಗಿ, ಹಿಮ ಬಿದ್ದಾಗ 'ನೋಡ್ರೀ ಇಲ್ಲಿ' ಅಂತ ಯಾರಿಗೆ ಹೇಳ್ಲಿ?" ಎಂದು ಆಕೆ ಬೀರು ಮುಚ್ಚಿದಳು.

ಅತ್ತೆ ಹೆಣಿಗೆಯ ಕಡ್ಡಿಗಳನ್ನು ಕೆಳಗಿಟ್ಟರು. ಆ ಮನೆಯಲ್ಲಿ ಇದು ಗಡಿಯಾರ ನಿಂತಷ್ಟು ದೊಡ್ಡ ಘಟನೆ.

"ನಾಳೆ ಕಚೇರಿಗೆ ನಾನೂ ಬರ್ತೀನಿ" ಎಂದರು.

"ನೀವಾ? ಅಲ್ಲಿ ಗಾಜಿದೆ ಅತ್ತೆ, ನೀವು ಹೇಳೋದು ಅವರಿಗೆ ಕೇಳಲ್ಲ."

ಅತ್ತೆ ಎಂದಿನಂತೆ ಒಮ್ಮೆ ಕಣ್ಣೆತ್ತಿ ನೋಡಿದರು.

ಮರುದಿನ ಮೂವರೂ ಹೋದರು. ಮೈಕ್ ಮಾಮ ಗಂಟಲು ಸರಿಪಡಿಸಿಕೊಂಡು ಗಾಜಿನ ಮುಂದೆ ನಿಲ್ಲುವಷ್ಟರಲ್ಲಿ ಅತ್ತೆ ಅವರನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಕಂಡಿಯ ಬಳಿ ಮುಖ ತಂದು, ಮೆಲ್ಲಗೆ ಹೇಳಿದರು: "ಎರಡು ವರ್ಷ ಈಚಿನ ಪುಸ್ತಕ ತೆಗಿಯಮ್ಮ. ವರ್ಷದ ಶುರುವಿನಲ್ಲೇ ಇರಬೇಕು ನೋಡು."

"ಅತ್ತೇ! ನನ್ನ ಹುಟ್ಟಿದ ವರ್ಷ ನನಗೆ ಗೊತ್ತಿಲ್ವಾ?"

"ನೀವು ಹುಟ್ಟಿದಾಗ ನಿಮಗೆ ಬುದ್ಧಿ ಬಂದಿರಲಿಲ್ಲ. ನಾನು ಅಲ್ಲೇ ಇದ್ದೆ."

ಗುಮಾಸ್ತೆ ಪುಸ್ತಕ ಇಳಿಸುವಷ್ಟರಲ್ಲಿ ಅತ್ತೆ ವಿಷಯ ಬಿಚ್ಚಿದರು. ಆಗ ಅವರ ಮಗಳಿಗೆ ಕೆಮ್ಮು ಹಿಡಿದು ಆಸ್ಪತ್ರೆಯಲ್ಲಿಟ್ಟಿದ್ದರಂತೆ. ಹಾಸಿಗೆ ಖಾಲಿಯಿಲ್ಲದೆ ಬಾಣಂತಿಯರ ವಾರ್ಡಿನಲ್ಲೇ ಒಂದು ಮೂಲೆ ಕೊಟ್ಟಿದ್ದರಂತೆ. ಪಕ್ಕದ ಹಾಸಿಗೆಯಲ್ಲಿ ಮೈಕ್ ಮಾಮನ ತಾಯಿ. ಆಮೇಲೆ ಎರಡು ಮನೆಯವರಿಗೂ ನಂಟಾಗಲು ಆ ವಾರ್ಡಿನ ಸ್ನೇಹವೇ ಕಾರಣ.

"ಮಗು ಹುಟ್ಟಿದ್ದೇ ತಡ, ಇಡೀ ವಾರ್ಡೇ ಎದ್ದು ಕೂತಿತು. ನನ್ನ ಮಗಳು ಕೆಮ್ಮೋದು ಮರೆತು ನೋಡ್ತಾ ಕೂತಿದ್ಳು. ಆಗಲೇ ಕೂರೋಕೆ ಕಲಿತಿದ್ಳಲ್ಲ!"

ಹೆಂಡತಿಯ ಕಣ್ಣುಗಳು ದೊಡ್ಡವಾದವು. "ಅಮ್ಮಾ, ನಾನು ಕೂರೋಕೆ ಕಲಿತಿದ್ದೆ, ಇವರು ಇನ್ನೂ ಹುಟ್ತಾ ಇದ್ರಾ?"

"ಹ್ಞೂಂ. ಮನೇಲಿ ಇವರ ಗದ್ದಲ ತಡೀಲಾರದೆ ಇವರಪ್ಪ ವಯಸ್ಸು ಏರಿಸಿ ಬೇಗ ಶಾಲೆಗೆ ತಳ್ಳಿದ್ರು. ಅದೇ ತಾರೀಕು ನಿಂತುಹೋಯ್ತು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ನೀನು?"

"ಇವರಮ್ಮ ಮದುವೆ ದಿನ ನನ್ನ ಕೈ ಹಿಡ್ಕೊಂಡ್ರು ಕಣೇ. 'ದೊಡ್ಡೋನು ಅನ್ನಿಸ್ಕೊಳ್ಳೋದು ಅಂದ್ರೆ ನನ್ನ ಮಗನಿಗೆ ಪ್ರಾಣ, ಅದೊಂದು ಇದ್ದುಕೊಂಡು ಹೋಗಲಿ ಬಿಡಿ' ಅಂದ್ರು. ಬಿಟ್ಟೆ."

ಅಷ್ಟರಲ್ಲಿ ಗುಮಾಸ್ತೆಯ ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಸಿಕ್ತು ಸರ್! ಗಂಡು ಮಗು. ಇಲ್ಲೊಂದು ಸಹಿ ಹಾಕಿ, ಈಗಲೇ ಸೀಲು ಹಾಕಿಕೊಡ್ತೀನಿ."

ಮೈಕ್ ಮಾಮ ಗಾಜಿನಾಚೆಯ ಪುಸ್ತಕವನ್ನು ಶತ್ರುವನ್ನು ನೋಡುವಂತೆ ನೋಡಿದರು. "ಇದರಲ್ಲಿ... ಸ್ವಲ್ಪ ತಿದ್ದುಪಡಿಗೆ ಅವಕಾಶ ಇದೆಯೇ?"

"ಯಾವುದನ್ನ ತಿದ್ದಬೇಕು ಸರ್? ಹುಟ್ಟಿದ್ದನ್ನಾ?"

ಸಹಿ ಹಾಕಿದರೆ ಕಾಫಿಯ ಮೊದಲ ಲೋಟ, ರಿಮೋಟು, ಅಂತಿಮ ತೀರ್ಪಿನ ಅಧಿಕಾರ ಎಲ್ಲವೂ ಸರ್ಕಾರದ ಮೊಹರಿನೊಂದಿಗೆ ಕೈಬಿಟ್ಟಂತೆ. ಹಾಕದಿದ್ದರೆ ಕೋರ್ಟು, ತಿಂಗಳುಗಟ್ಟಲೆ ಓಡಾಟ, ಆದರೆ ಹಿರಿತನ ಭದ್ರ. ಮೈಕ್ ಮಾಮ ಪೆನ್ನು ಹಿಡಿದು ಹೆಂಡತಿಯ ಕಡೆ ತಿರುಗಿದರು. ಆಕೆ ಅಣಕಿಸುತ್ತಿರಲಿಲ್ಲ. ಕೆಂಪು ಮಫ್ಲರಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಪೆನ್ನಿನ ಮೊನೆಯನ್ನೇ ನೋಡುತ್ತಿದ್ದಳು. ಮಫ್ಲರ್ ಇನ್ನೂ ಮುಗಿದಿರಲಿಲ್ಲ. ಕಡ್ಡಿಗಳು ಅದರಲ್ಲೇ ನೇತಾಡುತ್ತಿದ್ದವು.

ಮೈಕ್ ಮಾಮ ಸೊಂಟ ಬಗ್ಗಿಸಿ, ಕಂಡಿಯೊಳಗೆ ಕೈ ತೂರಿಸಿ, ಸಹಿ ಹಾಕಿದರು.

ಕಚೇರಿಯ ಬಾಗಿಲು ದಾಟುವವರೆಗೆ ಹೆಂಡತಿ ತಡೆದುಕೊಂಡಳು. ಬಸ್ಸು ಬಂದದ್ದೇ ತಡ, ಮುಂದಾಗಿ ಹತ್ತಿ ಕಿಟಕಿ ಪಕ್ಕದ ಸೀಟಿನಲ್ಲಿ ಕುಳಿತು ಪಕ್ಕದ ಜಾಗ ತಟ್ಟಿದಳು.

"ಬಾರೋ ಪುಟ್ಟಾ, ಕೂತ್ಕೋ. ವಿಮಾನದಲ್ಲೂ ಹೀಗೇ. ಹಿಮ ಕಂಡ್ರೆ ಅಕ್ಕ ತೋರಿಸ್ತೀನಿ."

ಮೈಕ್ ಮಾಮ ಕುಳಿತರು. ಹೆಂಡತಿಯ ಕಿವಿಯ ಪಕ್ಕದಿಂದ ರಸ್ತೆ ಕಾಣುತ್ತಿತ್ತು, ಸುಮಾರಾಗಿ ಕಾಣುತ್ತಿತ್ತು. ಕೈಯಲ್ಲಿದ್ದ ಪ್ರಮಾಣಪತ್ರದ ಮೊಹರನ್ನು ಸ್ವಲ್ಪ ಹೊತ್ತು ಸವರಿದರು. ಹಿರಿತನ ಹೋದರೇನು, ತಮ್ಮ ಆಗಮನಕ್ಕೆ ಪ್ರತ್ಯಕ್ಷ ಸಾಕ್ಷಿಯೊಬ್ಬರು ಹಿಂದಿನ ಸೀಟಿನಲ್ಲೇ ಇದ್ದಾರೆ ಎಂಬುದು ಹೊಳೆದು ಅವರ ಎದೆ ಮತ್ತೆ ಉಬ್ಬತೊಡಗಿತು. ಹಿಂದಕ್ಕೆ ತಿರುಗಿದರು.

"ಅಲ್ಲಾ ಅತ್ತೆ, ನಾನು ಹುಟ್ಟಿದಾಗ ಹೇಗಿದ್ದೆ? ಮುಂದೆ ಏನೋ ಆಗ್ತಾನೆ ಅನ್ನೋ ಥರ ಮುಖದಲ್ಲೊಂದು ಕಳೆ ಇತ್ತಾ?"

ಅತ್ತೆ ಕಡ್ಡಿಗಳಿಂದ ಕಣ್ಣೆತ್ತಲಿಲ್ಲ.

"ಮುಖ ಎಲ್ಲಿ ಕಾಣ್ತಿತ್ತು? ಬರೀ ಬಾಯೇ ಇತ್ತು."