ಅರ್ಧ ಉಜ್ಜಿದ ಮುಚ್ಚಳ

ನಡೆದದ್ದು ಇಷ್ಟೇ. ನನ್ನ ಗಂಡ ಬಿಟ್ಟುಹೋಗಿದ್ದ ಒಂದೇ ಒಂದು ಗುರುತನ್ನು ನಾನೇ ಕೂತು ಉಜ್ಜಿ ಅಳಿಸಿದೆ. ಮಂಕು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮದುವೆಮನೆಗೆ ಹೋದರೂ ಅವರ ಚೊಂಬಿನ ತಳ ನೋಡುವವಳು ನಾನು.

ಅವರ ಮೋಟಾರ್ ಸೈಕಲ್ಲು ಮಂಡ್ಯದಲ್ಲಿ ಗುಜರಿಗೆ ಹೋಗುವಾಗ ಮಗಳು ಸವಿತಾ ಈ ಪರದೇಶದಿಂದ ಫೋನು ಮಾಡಿ, "ಇಂಜಿನ್ನಿನ ಎಡಗಡೆ ಮುಚ್ಚಳ ಬಿಚ್ಚಿಸಿ ಇಟ್ಕೊಳಮ್ಮ" ಅಂದಿದ್ದಳು. ಅಂಥದ್ದೇ ಹಳೇ ಗಾಡಿ ಕೊಂಡು ಮನೆಯ ಗ್ಯಾರೇಜಿನಲ್ಲಿ ರಿಪೇರಿ ಮಾಡುತ್ತಿದ್ದಾಳೆ, ಅದಕ್ಕೆ ಹಾಕಬೇಕಂತೆ. ಹಪ್ಪಳದ ನಡುವೆ ಸೀರೆಯಲ್ಲಿ ಸುತ್ತಿ ತಂದೆ. ಬೆಂಗಳೂರು ಏರ್‌ಪೋರ್ಟಿನಲ್ಲಿ ತಪಾಸಣೆಯವನೊಬ್ಬ ಗಂಟು ಮುಟ್ಟಿ, "ಏನಜ್ಜಿ ಇದು?" ಅಂದ. "ನಮ್ಮ ಯಜಮಾನ್ರದ್ದು, ತೀರಿಕೊಂಡರು" ಅಂದೆ. ಏನು ತಿಳಕೊಂಡನೋ, ಕೈಮುಗಿದು ಕಳಿಸಿದ.

ಯೂನಿಯನ್ ಸಿಟಿಯ ಈ ಮನೆಯಲ್ಲಿ ಪಾತ್ರೆ ತೊಳೆಯುವುದಕ್ಕೂ ಮಿಷನ್ನು. ಕೈ ಕಟ್ಟಿ ಕೂತು ಸಾಕಾಗಿ ಗ್ಯಾರೇಜಿಗೆ ಇಳಿದೆ. ಸವಿತಾ ಹೇಳಿಕೊಟ್ಟಳು: ಮೊದಲು ಒರಟು ಉಪ್ಪುಕಾಗದ, ಆಮೇಲೆ ನಯದ್ದು, ನೀರಲ್ಲಿ ಅದ್ದಿ ಅದ್ದಿ ಉಜ್ಜಬೇಕು, ಕೊನೆಗೆ ಪಾಲಿಶ್ ಹಚ್ಚಿ ಬಟ್ಟೆಯಲ್ಲಿ. ಅಲ್ಯೂಮಿನಿಯಂ ಕಪ್ಪು ಕಾರುತ್ತದೆ, ಬಿಡಬಾರದು. ಇದನ್ನು ನನಗೆ ಹೇಳಿಕೊಡಬೇಕೆ? ಸಣ್ಣಪುಟ್ಟ ಸಾಮಾನೆಲ್ಲ ಎರಡು ದಿನಕ್ಕೆ ಮುಗಿಸಿದೆ.

ಮೂರನೇ ದಿನ ಅವಳು ಸಾಂಟಾ ಕ್ಲಾರಾಕ್ಕೆ ಆಫೀಸಿಗೆ ಹೋದಮೇಲೆ ಆ ಮುಚ್ಚಳ ಕಣ್ಣಿಗೆ ಬಿತ್ತು. ಮೇಲೊಂದು ನೀಲಿ ಟೇಪು. ಹೊಸ ಸ್ಟೀಲ್ ಪಾತ್ರೆಗೆ ಅಂಗಡಿಯವರು ಚೀಟಿ ಅಂಟಿಸುತ್ತಾರಲ್ಲ, ಹಾಗೇ ಅಂದುಕೊಂಡು ಕೊಬ್ಬರಿ ಎಣ್ಣೆ ಸವರಿ ಕಿತ್ತೆ. ಅಡಿಯಲ್ಲಿ ಅಂಗೈಯಷ್ಟು ಜಾಗ ಆಗಲೇ ಹೊಳೆಯುತ್ತಿತ್ತು. ಯಾರೋ ಸೋಮಾರಿ ಅರ್ಧ ಉಜ್ಜಿ ಎದ್ದುಹೋಗಿದ್ದಾನೆ ಅಂತ ಬೈದುಕೊಂಡು ಮಿಕ್ಕದ್ದನ್ನೂ ಅದಕ್ಕೆ ಸಮ ಮಾಡಿದೆ. ಮುಖ ಕಾಣುವ ಹಾಗಾಯಿತು. ನನ್ನ ಮುಖ.

ಸಂಜೆ ಸವಿತಾ ಬಂದವಳು ಮುಚ್ಚಳ ಕೈಗೆತ್ತಿಕೊಂಡಳು. "ಅಮ್ಮಾ, ಅದು ಅಪ್ಪನ ಹಿಮ್ಮಡಿ ತಾಗಿ ತಾಗಿ ಹೊಳೆದಿದ್ದ ಜಾಗ. ಮುಟ್ಟಬಾರದು ಅಂತಲೇ ಟೇಪ್ ಹಾಕಿದ್ದೆ."

"ಬಾಯಲ್ಲಿ ಹೇಳಬೇಕಿತ್ತು."

"ಇಪ್ಪತ್ತೆರಡು ವರ್ಷ ಉಜ್ಜಿದ್ರು ಅಪ್ಪ!"

"ಅದಕ್ಕೇ ಅರ್ಧವೂ ಆಗಿರಲಿಲ್ಲ" ಅಂದೆ. ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮುಚ್ಚಳವನ್ನು ಗಾಡಿಗೆ ಬಿಗಿದಳು.

ನಾನು ಅಳುವವಳಲ್ಲ. ಅವರೇನೂ ದೊಡ್ಡ ಪ್ರೀತಿ ತೋರಿಸಿದವರೂ ಅಲ್ಲ. ಗಾಡಿಯಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡರೆ ರಸ್ತೆಯ ಪ್ರತಿ ಉಬ್ಬಿಗೂ "ಇದ್ದೀಯೇನೇ?" ಅಂತ ಕೂಗುತ್ತಿದ್ದರು, ಅಷ್ಟೆ. ಬಿದ್ದಿದ್ದರೆ ಹೇಳುತ್ತಿದ್ದೆನೆ? ನಾನು ಬಾಯಿ ಬಿಡುತ್ತಿರಲಿಲ್ಲ. ಒಮ್ಮೆ ಪೆಟ್ರೋಲ್ ಬಂಕಿನಲ್ಲಿ ನಾನು ಇಳಿದದ್ದು ನೋಡದೆ ಮದ್ದೂರಿನವರೆಗೂ ಒಬ್ಬರೇ ಕೇಳಿಕೊಂಡು ಹೋಗಿದ್ದರು. ಉತ್ತರ ಬರದಿದ್ದುದಕ್ಕೆ ಅನುಮಾನವೇ ಬಂದಿರಲಿಲ್ಲ.

ಮಾರನೆ ಬೆಳಿಗ್ಗೆ ಕಾಫಿಗೂ ಮುಂಚೆ ಗ್ಯಾರೇಜಿಗೆ ಹೋದೆ. ಸವಿತಾಳ ಬೂಟು ತೊಟ್ಟು, ಸೀರೆ ಎತ್ತಿಕಟ್ಟಿ, ಸ್ಟೂಲ್ ಹತ್ತಿ, ಜೀವಮಾನದಲ್ಲಿ ಮೊದಲ ಸಲ ಮುಂದಿನ ಸೀಟಿನಲ್ಲಿ ಕೂತೆ. ಎಡಗಾಲಿನ ಹಿಮ್ಮಡಿಯನ್ನು ಮುಚ್ಚಳಕ್ಕೆ ಒತ್ತಿ ಉಜ್ಜಿದೆ. ಗುರುತೇನೂ ಬೀಳಲಿಲ್ಲ. ಆಮೇಲೆ ಹಿಂದೆ ತಿರುಗದೆ, "ಇದ್ದೀರೇನ್ರೀ?" ಅಂದೆ.

ಉತ್ತರ ಬರಲಿಲ್ಲ. ನಾನಾದರೂ ಯಾವತ್ತು ಕೊಟ್ಟಿದ್ದೆ?