ಕಳವಾಗದ ಸೈಕಲ್

ಕಾಲೇಜಿನ ಆವರಣದಲ್ಲಿ ಆ ವರ್ಷ ಎಷ್ಟು ಕಳವು, ಎಷ್ಟು ಹೊಡೆದಾಟ, ಎಷ್ಟು ಬೆಂಕಿ ಅನಾಹುತ ನಡೆದವೆಂದು ವಿದ್ಯಾರ್ಥಿಗಳಿಗೂ ನೌಕರರಿಗೂ ಬಹಿರಂಗವಾಗಿ ತಿಳಿಸಬೇಕೆಂಬುದು ನಿಯಮ. ಸುಳ್ಳು ಬರೆದರೆ ಸಹಿ ಹಾಕಿದವನ ಕೆಲಸ ಹೋಗುತ್ತದೆ. ಸಹಿ ಹಾಕುವ ಭಾಗ್ಯ ಹಿರಿಯ ಗುಮಾಸ್ತನದು. ಪ್ರತಿ ವರ್ಷವೂ ಎಲ್ಲದರ ಮುಂದೆ ಸೊನ್ನೆ ಸುತ್ತಿ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದ ಅವನನ್ನು ಹುಡುಗರು ಸೊನ್ನೆ ಸಾರ್ ಎಂದೇ ಕರೆಯುತ್ತಿದ್ದರು.

ಈ ಸಲ ಸೊನ್ನೆ ಸುತ್ತಿ, ಸಹಿಗೆ ಮುನ್ನ ಗೋಂದು ತರೋಣವೆಂದು ಹೊರಗೆ ಬಂದರೆ ಸೈಕಲ್ ನಿಲ್ಲಿಸಿದ ಜಾಗ ಬೋಳಾಗಿತ್ತು. ಬೀಗ ಹಾಕಲು ಮರೆತಿದ್ದ; ಕೀ ಮಾತ್ರ ಜೇಬಿನಲ್ಲೇ ಇತ್ತು.

ಸ್ವಂತದ್ದಾಗಿದ್ದರೆ ಹೇಗೋ ಸುಧಾರಿಸಿಕೊಳ್ಳುತ್ತಿದ್ದ. ಅದು ಹೆಂಡತಿಯ ತಮ್ಮನದು. ಗೇರು, ಡಿಸ್ಕ್ ಬ್ರೇಕು ಎಲ್ಲ ಇದ್ದ ದುಬಾರಿ ಸೈಕಲ್. ಒಂದು ದಿನಕ್ಕೆಂದು ಕೇಳಿ ತಂದದ್ದು. “ಸಂಜೆ ವಾಪಸ್ ಕೊಡ್ಬೇಕು. ಒಂದು ಗೀರು ಬಿದ್ರೂ ನಾನು ತವರಿಗೆ ಮುಖ ತೋರಿಸೋ ಹಾಗಿಲ್ಲ” ಎಂದು ಹೆಂಡತಿ ಬಾಗಿಲಲ್ಲೇ ಹೇಳಿ ಕಳಿಸಿದ್ದಳು.

“ಸರ್, ನನ್ನ ಸೈಕಲ್ ಕಳವಾಗಿದೆ” ಎಂದು ಪ್ರಿನ್ಸಿಪಾಲರ ಮುಂದೆ ನಿಂತ.

“ಇವತ್ತಾ?” ಎಂದರು ಅವರು, ಇವನೇ ಬೇಕೆಂದು ಕಳೆದುಕೊಂಡನೇನೋ ಎಂಬಂತೆ. “ಮಧ್ಯಾಹ್ನ ತಪಾಸಣಾ ಸಮಿತಿ ಬರ್ತಿದೆ. ಹುಡುಕಿಹುಡುಕಿ ಇವತ್ತೇ ಕಳ್ಕೊಂಡ್ರಾ?”

ಸುದ್ದಿ ಹಬ್ಬಿ ಸಿಬ್ಬಂದಿಯೆಲ್ಲ ಸೇರಿತು. ಭೂಗೋಳದ ಮೇಷ್ಟ್ರು ಟೇಪು ಹಿಡಿದು ಅಳೆದು, ಸೈಕಲ್ಲಿನ ಹಿಂದಿನ ಚಕ್ರ ಗೇಟಿನಾಚೆಗಿತ್ತು, ಆದ್ದರಿಂದ ಅರ್ಧ ಕಳವು ರಸ್ತೆಗೆ ಸೇರಿದ್ದು ಎಂದರು. ಗ್ರಂಥಪಾಲಕಿ, “ನನ್ನ ಪುಸ್ತಕಗಳೂ ಹೀಗೇ ಕಾಣೆಯಾಗುತ್ವೆ. ಐದು ವರ್ಷಕ್ಕೆ ತಾವಾಗೇ ಬರ್ತವೆ” ಎಂದು ಸಮಾಧಾನ ಹೇಳಿದರು.

ಕೊನೆಗೆ ಕಾನೂನಿನ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಕಳ್ಳ ಸಿಕ್ಕಿದ್ದಾನಾ?”

“ಇಲ್ಲ.”

“ಕಳ್ಳನೇ ಇಲ್ಲದೆ ಕಳವು ಅಂತ ಹೇಗೆ ಬರೀತೀರಿ? ಸದ್ಯಕ್ಕೆ ಸೈಕಲ್ ಕಾಣ್ತಿಲ್ಲ, ಅಷ್ಟೇ.”

ಪ್ರಿನ್ಸಿಪಾಲರ ಮುಖ ಅರಳಿತು. “ಈಗ ಸಹಿ ಹಾಕಿ. ಸಮಿತಿ ಹೋದ ತಕ್ಷಣ ಪೊಲೀಸ್ ಠಾಣೆಗೆ ನಾನೇ ಜೊತೆಗೆ ಬರ್ತೀನಿ.”

ಇಷ್ಟು ಜನ ಓದಿದವರು ಹೇಳುವಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಗುಮಾಸ್ತ ಸಹಿ ಹಾಕಿ ಅಂಟಿಸಿದ.

ಮಧ್ಯಾಹ್ನ ಸಮಿತಿಯ ಅಧ್ಯಕ್ಷರು ಫಲಕದ ಮುಂದೆ ನಿಂತು ಸೊನ್ನೆಗಳನ್ನು ಮೆಚ್ಚಿಕೊಳ್ಳುತ್ತಿದ್ದಾಗ, ಪೇದೆಯೊಬ್ಬ ಒಳಗೆ ಬಂದ. ಅವನ ಹಿಂದೆ ಒಬ್ಬ ಬಡಕಲು ಮನುಷ್ಯ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಸೈಕಲ್ಲಿನ ಮೈಮೇಲೆ ಒಂದು ಗೀರೂ ಇರಲಿಲ್ಲ. ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು.

“ಇವನ ಹರಕು ಚಪ್ಪಲಿಗೂ ಈ ಸೈಕಲ್ಲಿಗೂ ತಾಳೆ ಆಗ್ಲಿಲ್ಲ, ಹಿಡಿದೆ. ಇಲ್ಲಿಂದ ಕದ್ದೆ ಅಂತಾನೆ” ಎಂದ ಪೇದೆ.

“ಇಲ್ಲಿಂದಾ? ಸಾಧ್ಯವೇ ಇಲ್ಲ” ಎಂದು ಅಧ್ಯಕ್ಷರು ಫಲಕ ತೋರಿಸಿದರು. “ಕಳವು, ಸೊನ್ನೆ. ಸಹಿ ಹಾಕಿದವರು ಇಲ್ಲೇ ನಿಂತಿದ್ದಾರೆ, ಅವರನ್ನೇ ಕೇಳಿ.”

ಪೇದೆ ಗುಮಾಸ್ತನ ಕಡೆ ತಿರುಗಿದ. “ಇಲ್ಲಿ ಯಾರದಾದ್ರೂ ಸೈಕಲ್ ಹೋಗಿದ್ಯಾ?”

ಹೌದೆಂದರೆ ಕೆಲಸ ಹೋಗುತ್ತದೆ, ಇಲ್ಲವೆಂದರೆ ಸೈಕಲ್ ಹೋಗುತ್ತದೆ. ಗುಮಾಸ್ತ ಪ್ರಿನ್ಸಿಪಾಲರನ್ನು ನೋಡಿದ. ಅವರು ಸೀಲಿಂಗ್ ಫ್ಯಾನ್ ನೋಡುತ್ತಿದ್ದರು. ಕಾನೂನಿನ ಮೇಷ್ಟ್ರು ಆಗಲೇ ಕ್ಲಾಸಿಗೆ ಹೋಗಿಯಾಗಿತ್ತು.

“ಇಲ್ಲ” ಎಂದ ಗುಮಾಸ್ತ.

“ಅಯ್ಯೋ, ಇಲ್ಲೇ ಸ್ವಾಮಿ, ಆ ಗೇಟಿನ ಹತ್ರ” ಎಂದ ಬಡಕಲು ಮನುಷ್ಯ.

“ಒಳ್ಳೇ ಕಾಲೇಜಿನ ಹೆಸರು ಕೆಡಿಸ್ತೀಯಾ?” ಎಂದು ಪೇದೆ ಗದರಿದ. “ದೂರಿಲ್ಲ, ಕಳವಿಲ್ಲ. ನಿನ್ನನ್ನ ಕಟ್ಕೊಂಡು ನಾನೇನು ಮಾಡ್ಲಿ? ತಗೊಂಡು ಹೋಗು ನಿನ್ನ ಸೈಕಲ್ನ.”

ಪೇದೆ ಹೋದ. ಅಧ್ಯಕ್ಷರು ಗುಮಾಸ್ತನ ಬೆನ್ನು ತಟ್ಟಿ, ಪ್ರಾಮಾಣಿಕತೆ ಅಂದರೆ ಇದು ಎಂದು ಸದಸ್ಯರಿಗೆ ತೋರಿಸಿದರು. ಬಡಕಲು ಮನುಷ್ಯ ಮಾತ್ರ ಹೊರಡಲಿಲ್ಲ. ಗುಮಾಸ್ತನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ:

“ಸಾರ್, ಇದರ ಬೀಗದ ಕೀ ನಿಮ್ಮ ಹತ್ರಾನೇ ಇರ್ಬೇಕು, ಕೊಟ್ಬಿಡಿ. ಹೊರಗಡೆ ಕಳ್ಳರ ಕಾಟ ಜಾಸ್ತಿ.”