ಸೈನಿಕರಿಗೆ ನಾನು ಮಾಡಿದ ಉಪಚಾರ

ಸಹಾಯ ಮಾಡಲು ಹೊರಟಾಗಲೆಲ್ಲ ನನ್ನಿಂದ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ಅಮೆರಿಕದ ರಾಚೆಸ್ಟರ್ ಹಿಲ್ಸ್‌ನ ಕಾರಿನ ಬಿಡಿಭಾಗಗಳ ಕಂಪನಿಯಿಂದ ನಿವೃತ್ತನಾದ ಮೇಲೆ, ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ವಾಲಂಟಿಯರ್ ಆಗಿ ಸೇರಿದೆ. ಮೊದಲ ಮೂರು ತಿಂಗಳು ಟ್ರಯಲ್. "ಅಲ್ಲಿಂದಾನೂ ಕಳಿಸಿಬಿಟ್ರೆ, ದಿನಾ ಮನೇಲಿ ಕೂತ್ಕೊಂಡು ನನ್ನ ಸಾರಿಗೆ ಉಪ್ಪು ಜಾಸ್ತಿ ಅನ್ನೋ ಹಾಗಿಲ್ಲ ನೋಡಿ" ಎಂದಳು ಹೆಂಡತಿ. ನನಗೆ ನಿಜಕ್ಕೂ ಭಯವಾಯಿತು. ಮನೆಯಲ್ಲಿ ನನಗಿದ್ದ ಕೆಲಸ ಅದೊಂದೇ.

ಮೊದಲ ದಿನ

ಲಾಬಿಯಲ್ಲಿ ಮುದುಕರೊಬ್ಬರು ವೀಲ್‌ಚೇರ್ ಮೇಲೆ ಬಗ್ಗಿ ಕುಳಿತಿದ್ದರು. ಪಾಪ, ನೋವಿರಬೇಕು ಎಂದುಕೊಂಡು, ಕೇಳದೆ ತಳ್ಳಿಕೊಂಡು ಹೊರಟೆ. "ನಿಲ್ಲಿಸಿ, ನಿಲ್ಲಿಸಿ" ಎಂದು ಅವರು ಕೂಗಿದಷ್ಟೂ "ಹೆದರಬೇಡಿ" ಎನ್ನುತ್ತ ಎಕ್ಸ್‌ರೇ ಕೋಣೆಯವರೆಗೂ ಒಯ್ದೆ. ಅಲ್ಲಿ ಅವರು ಸಲೀಸಾಗಿ ಎದ್ದು ನಿಂತರು.

"ಶೂ ಲೇಸ್ ಕಟ್ಟಿಕೊಳ್ಳೋಕೆ ಕೂತಿದ್ದೆ. ನಾನೂ ವಾಲಂಟಿಯರ್. ಇವತ್ತು ನಿಮಗೆ ಟ್ರೇನಿಂಗ್ ಕೊಡಬೇಕಾದವನು ನಾನೇ."

ಒಂದೇ ಒಂದು ಬಿಸ್ಕತ್ತು

ಆಮೇಲೆ ತಿಂಡಿಯ ಗಾಡಿ ತಳ್ಳುವ ಕೆಲಸ ಸಿಕ್ಕಿತು. ಸೈನಿಕರೊಬ್ಬರು ಬಿಸ್ಕತ್ತು ಬೇಡ ಎಂದರು. ನಮ್ಮಲ್ಲಿ ಮೊದಲನೇ 'ಬೇಡ' ಸಂಕೋಚಕ್ಕೆ, ಎರಡನೆಯದು ಮರ್ಯಾದೆಗೆ. ಮೂರನೆಯದನ್ನು ಹೇಳುವಷ್ಟರಲ್ಲಿ ಅವರ ತಟ್ಟೆಗೆ ಎರಡು ಬಡಿಸಿಯಾಗಿತ್ತು. ತಿನ್ನುವವರೆಗೂ ನಾನು ಕದಲಲಿಲ್ಲ. ಅಷ್ಟರಲ್ಲಿ ನರ್ಸ್ ಓಡಿ ಬಂದರು. ಖಾಲಿ ಹೊಟ್ಟೆಯಲ್ಲಿ ಆಗಬೇಕಿದ್ದ ರಕ್ತಪರೀಕ್ಷೆ ಮರುದಿನಕ್ಕೆ ಹೋಯಿತು.

"ಯುದ್ಧದಲ್ಲೂ ನಾನು ಯಾರಿಗೂ ಶರಣಾದವನಲ್ಲ" ಎಂದು ಸೈನಿಕರು ನರ್ಸ್‌ಗೆ ಹೇಳಿದರು. "ಇವರಿಗೆ ಆದೆ."

ಬೀಳ್ಕೊಡುಗೆ

ವಾಲಂಟಿಯರ್‌ಗಳ ಮೇಲ್ವಿಚಾರಕಿ ನನ್ನನ್ನು ಕರೆದು, ಇನ್ನೊಂದು ದೂರು ಬಂದರೆ ಬ್ಯಾಡ್ಜ್ ವಾಪಸ್ ಎಂದರು. ಬಾಯಿ ಮುಚ್ಚಿಕೊಂಡಿರಲು ಬಹಳ ಪ್ರಯತ್ನಪಟ್ಟೆ. ಒಂದು ವಾರ ಸಾಧ್ಯವಾಯಿತು.

ಸೊಂಟದ ಆಪರೇಷನ್ ಆಗಿ ಆರು ವಾರ ಮಲಗಿದ್ದ ಸೈನಿಕರೊಬ್ಬರು ಅಂದು ಮನೆಗೆ ಹೊರಟಿದ್ದರು. ಅವರನ್ನು ಕಾರಿನಲ್ಲಿ ಕೂರಿಸಿ, ನಮ್ಮ ಮನೆಬಾಗಿಲಲ್ಲಿ ಹೇಳುವುದನ್ನೇ ಇಂಗ್ಲಿಷಿನಲ್ಲಿ ಹೇಳಿದೆ: "ಹೋಗಿ ಬನ್ನಿ. ಬೇಗ ಬನ್ನಿ. ಮುಂದಿನ ಸಲ ನಿಮ್ಮ ಹೆಂಡತಿಯೂ ಬಂದು ನಾಲ್ಕು ದಿನ ಇದ್ದು ಹೋಗಲಿ."

ಸ್ಟಿಯರಿಂಗ್ ಹಿಡಿದಿದ್ದ ಅವರ ಹೆಂಡತಿಯ ಮುಖ ಬಿಳಿಚಿಕೊಂಡಿತು. ಮಧ್ಯಾಹ್ನವೇ ಆಕೆಯಿಂದ ಮೇಲ್ವಿಚಾರಕಿಗೆ ಫೋನ್ ಬಂತು: "ನಮಗೆ ಗೊತ್ತಿಲ್ಲದ ಯಾವ ಕಾಯಿಲೆ ನಿಮ್ಮ ವಾಲಂಟಿಯರ್‌ಗೆ ಗೊತ್ತಾಗಿದೆ?"

ಹೊರಟವರಿಗೆ ಬರೀ 'ಹೋಗಿ' ಎಂದರೆ ನಮ್ಮಲ್ಲಿ ಅಶುಭ ಎಂದು ಮೇಲ್ವಿಚಾರಕಿಗೆ ವಿವರಿಸಿದೆ. ಅವರು ಕೈ ಚಾಚಿದರು. ಬ್ಯಾಡ್ಜ್ ಬಿಚ್ಚಿಕೊಟ್ಟೆ. ನಾಚಿಕೆಗಿಂತ ದುಃಖವೇ ಹೆಚ್ಚಾಗಿತ್ತು. ಬಾಗಿಲವರೆಗೆ ಹೋದವನು ಅಭ್ಯಾಸಬಲದಿಂದ ತಿರುಗಿ ಹೇಳಿದೆ: "ಹೋಗಿ ಬರ್ತೀನಿ, ಮೇಡಂ."

ಅವರಿಗೆ ನಗು ತಡೆಯಲಾಗಲಿಲ್ಲ. ಬ್ಯಾಡ್ಜನ್ನು ಮೇಜಿನ ಮೇಲೆ ನನ್ನತ್ತ ಸರಿಸಿದರು.

"ಬನ್ನಿ. ಆದರೆ ಲಾಂಡ್ರಿಗೆ. ಅಲ್ಲಿಂದ ಹೊರಡೋ ಬೆಡ್‌ಶೀಟ್‌ಗಳಿಗೆ ಎಷ್ಟು ಸಲ ಬೇಕಾದರೂ 'ಮತ್ತೆ ಬನ್ನಿ' ಅಂತ ಹೇಳಿ."